ಹೊಟ್ಟೆನೋವಿಗೂ ಹೆದರಿಕೆಗೂ ನಡುವೆ

ಜಾವಗಲ್ ಕಡೆಯಿಂದ ಬರುವ ಮೊದಲ ಬಸ್ಸಿನ ದೀಪ ತೆಂಗಿನ ಸಾಲಿನಾಚೆ ಕಂಡೊಡನೆ ದ್ರಾಕ್ಷಾಯಣಿ ಮಕ್ಕಳನ್ನು ರಸ್ತೆಯಿಂದ ಹಿಂದಕ್ಕೆ ಸರಿಸುತ್ತಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರಸೀಕೆರೆಯ ಗಾರ್ಮೆಂಟ್ಸ್‌ಗೆ ಹೊರಟ ತಾಯಂದಿರು ಮಕ್ಕಳ ಕೆನ್ನೆ ಸವರಿ ಬಸ್ಸು ಹತ್ತುತ್ತಾರೆ. ಬಸ್ಸು ಮರೆಯಾದ ಮೇಲೆ ಈ ಅಂಗನವಾಡಿ ಕಾರ್ಯಕರ್ತೆ ಮಂಡಿಯೂರಿ ಒಂದೊಂದೇ ಮುಖ ನೋಡುತ್ತಾರೆ. "ಹೆಂಗೈತೆ ಕಂದ ಇವತ್ತು?"

ಅಂಗನವಾಡಿ ತೆರೆಯಲು ಇನ್ನೂ ಹೊತ್ತಿದೆ. ಬಸ್‌ಸ್ಟಾಪಿಗೆ ಬರಬೇಕೆಂದು ಅವರಿಗೆ ಯಾರೂ ಹೇಳಿಲ್ಲ.

ತವರು ಗೆಂಡೆಹಳ್ಳಿ. ಮದುವೆಯಾಗಿ ಈ ಊರಿಗೆ ಬಂದವರು ಅಂದಿನಿಂದ ಮಕ್ಕಳ ತೂಕ, ಮೊಟ್ಟೆ ಹಂಚಿಕೆ, ಇಲಾಖೆ ಹೊರಿಸುವ ಮನೆಮನೆ ಸರ್ವೆ ಎಂದು ಓಡಾಡುತ್ತಲೇ ಇದ್ದಾರೆ. ಅದರ ನಡುವೆ ಮಕ್ಕಳಿಗೆ ಮನಸ್ಸಿನ ಮಾತು ಕಲಿಸುವ ಹಂಬಲ.

"ನಮ್ ಮಕ್ಳಿಗೆ ಎಲ್ಲಕ್ಕೂ ಹೊಟ್ಟೆನೋವು ಅನ್ನೋದೊಂದೇ ಮಾತು ಕಣ್ರೀ. ಸಿಟ್ಟು, ನಾಚ್ಕೆ, ಬೇಜಾರು ಎಲ್ಲಾ ಅದ್ರಲ್ಲೇ ಸೇರ್ಕೊಂಡ್‌ಬಿಡ್ತವೆ" ಎನ್ನುತ್ತಾರೆ.

ಧನುಶ್ರೀಗೂ ಹಾಗೇ ಆಗಿತ್ತು. ತಾಯಿ ಅರುಣಾ ಬಸ್ಸು ಹತ್ತಿದ ಕೂಡಲೇ ಆ ಮಗುವಿಗೆ ಹೊಟ್ಟೆನೋವು. ಅಜ್ಜಿ ವೆಂಕಟಲಕ್ಷ್ಮಮ್ಮ ಓಮಿನ ಕಷಾಯ ಕುಡಿಸಿದರು, ದೃಷ್ಟಿ ತೆಗೆದರು. ದ್ರಾಕ್ಷಾಯಣಿ ಮಾತ್ರ ತೊಡೆಯ ಮೇಲೆ ಕೂರಿಸಿಕೊಂಡು, "ಅದು ನೋವಲ್ಲ ಚಿನ್ನ. ಅಮ್ಮ ವಾಪಸ್ ಬರಲ್ವೇನೋ ಅಂತ ಹೆದ್ರಿಕೆ" ಎಂದರು. ಮಗು ಆ ಮಾತನ್ನು ಹಿಡಿದುಕೊಂಡಿತು. "ಮಿಸ್, ಹೆದ್ರಿಕೆ ಬಂತು" ಎಂದು ತಾನೇ ಬಂದು ತೊಡೆಯೇರುತ್ತಿತ್ತು, ಸ್ವಲ್ಪ ಹೊತ್ತಿಗೆ ಇಳಿದು ಆಟಕ್ಕೆ ಓಡುತ್ತಿತ್ತು.

ಅಜ್ಜಿಗೆ ಇದು ಹಿಡಿಸಲಿಲ್ಲ. "ಇಲ್ದಿರೋ ಹೆದ್ರಿಕೇನ ನೀವೇ ಕಲ್ಸಿಕೊಟ್ರಲ್ಲ ಟೀಚರಮ್ಮ" ಎಂದರು. ಆ ಮಾತು ದ್ರಾಕ್ಷಾಯಣಿಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಹೋದ ಮಳೆಗಾಲದ ಒಂದು ಬೆಳಿಗ್ಗೆ ಧನುಶ್ರೀ ಎಂದಿನಂತೆ "ಹೆದ್ರಿಕೆ ಮಿಸ್" ಎಂದಳು. ಎಂದಿನಂತೆ ತೊಡೆಯೂ ಸಿಕ್ಕಿತು. ಆದರೆ ಅವಳು ಇಳಿಯಲಿಲ್ಲ. ಮಡಚಿದ ಕಾಲು ಬಿಡಿಸಲಿಲ್ಲ, ಮೊಟ್ಟೆ ಕೊಟ್ಟರೆ ಮುಖ ತಿರುಗಿಸಿದಳು. ಹಣೆ ಮುಟ್ಟಿದರೆ ಸುಡುತ್ತಿತ್ತು.

"ಎಲ್ಲಿ ಹೆದ್ರಿಕೆ? ತೋರ್ಸು."

ಮಗು ಹೊಟ್ಟೆಯ ಬಲಗಡೆ, ಕೆಳಗೆ, ಬೆರಳಿಟ್ಟಿತು.

ದ್ರಾಕ್ಷಾಯಣಿ ಹೊರಗೆ ಧಾವಿಸಿದರು. ತೆಂಗಿನಕಾಯಿ ತುಂಬುತ್ತಿದ್ದ ಊರಿನ ರಾಜಶೇಖರ್ ಅವರ ಟೆಂಪೊ ಹೊರಡಿಸಿ ಮಗುವನ್ನು ಎತ್ತಿಕೊಂಡು ಅರಸೀಕೆರೆಗೆ ಓಡಿದರು. ಅರುಣಾ ಗಾರ್ಮೆಂಟ್ಸ್‌ನಿಂದ ನೇರ ಆಸ್ಪತ್ರೆಗೆ ಬಂದಳು. ಅಲ್ಲಿಂದ ಹಾಸನ. ಅಪೆಂಡಿಕ್ಸ್, ಅಂದೇ ಆಪರೇಷನ್. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

"ಹೆಸ್ರು ಇಟ್ಟೋಳು ನಾನೇ. ಮಗು ನಿಜವಾದ ನೋವ್ನೂ ಅದೇ ಹೆಸ್ರಲ್ಲಿ ಕರೀತು" ಎನ್ನುವಾಗ ಅವರ ದನಿ ಇಂದಿಗೂ ಇಳಿಯುತ್ತದೆ.

ಆಮೇಲೆ ಅವರು ಮನಸ್ಸಿನ ಮಾತು ಕಲಿಸುವುದನ್ನೇ ನಿಲ್ಲಿಸಿಬಿಟ್ಟರು. ಹಾಡು, ಅಕ್ಷರ, ಊಟ ಅಷ್ಟೇ. ಮಕ್ಕಳು ಮತ್ತೆ ಕಚ್ಚಾಡತೊಡಗಿದರು, ಮೂಲೆ ಹಿಡಿದು ಕೂತರು. ಒಂದು ಭಾನುವಾರ ಅರುಣಾ ಅವರ ಮನೆಗೇ ಹುಡುಕಿಕೊಂಡು ಬಂದಳು.

"ಆಸ್ಪತ್ರೇಲಿ ಸೂಜಿ ಚುಚ್ಚೋಕೆ ಬಂದಾಗ ನನ್ ಮಗ್ಳು 'ಹೆದ್ರಿಕೆ ಆಯ್ತೈತೆ, ಕೈ ಹಿಡ್ಕ ಅಮ್ಮ' ಅಂದ್ಲು ಕಣಕ್ಕ. ಆ ಮಾತು ಬರ್ದೆ ಹೋಗಿದ್ರೆ ಸುಮ್ನೆ ಕಿರುಚ್ತಿದ್ಲು, ನಾನು ಗದರ್ತಿದ್ದೆ. ನೀವು ಯಾಕೆ ನಿಲ್ಸಿದ್ರಿ?"

ದ್ರಾಕ್ಷಾಯಣಿ ಮತ್ತೆ ಶುರುಮಾಡಿದ್ದಾರೆ. ಆದರೆ ಈಗ ಹೆಸರನ್ನು ತಾವಾಗಿ ಹೇಳುವುದಿಲ್ಲ. ಮೊದಲು ಹಣೆ ಮುಟ್ಟುತ್ತಾರೆ. ಎಲ್ಲಿ, ಹೇಗೆ, ಯಾವಾಗಿಂದ ಎಂದು ಕೇಳಿ ಕಾಯುತ್ತಾರೆ. ಮಗು ತಡವರಿಸಿದರೆ ಇನ್ನೊಮ್ಮೆ ಕೇಳುತ್ತಾರೆ. ಮನೆಗೆ ಹೋದ ಮೇಲೂ ಯಾವುದೋ ಮಗು ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಕೈಯಲ್ಲಿನ ಕೆಲಸ ನಿಲ್ಲಿಸಿ ಯೋಚಿಸುತ್ತಾರೆ.

ನಿಮಗೇನು ಬೇಕು ಎಂದರೆ ಸಂಬಳದ ಮಾತೆತ್ತುವುದಿಲ್ಲ.

"ಸರ್ವೆ ಕೆಲ್ಸ ಒಂಚೂರು ಕಮ್ಮಿ ಮಾಡಿದ್ರೆ ಸಾಕು. ಮಕ್ಳು ಒಂದೇ ಸಲಕ್ಕೆ ಸರಿಯಾಗಿ ಹೇಳಲ್ಲ. ಎರಡ್ನೇ ಸಲ ಹೇಳೋವಾಗ ನಾನು ಅಲ್ಲೇ ಕೂತಿರ್ಬೇಕು."