ತಾಲೀಮಿನ ಮಂಗಲ

ಎಡಗೈ ಹೆಬ್ಬೆರಳಿನ ಬುಡದಲ್ಲಿ ಅವರಿಗೊಂದು ಗಂಟಿತ್ತು, ಹುಣಸೆಬೀಜದಷ್ಟು. ನಲವತ್ತು ವರ್ಷ ಹಾರ್ಮೋನಿಯಂ ಪೇಟಿಯ ತಿದಿ ಎಳೆದೆಳೆದು ಆದದ್ದು. ತಮ್ಮೂರು ಕಮತಗಿಯಲ್ಲಿ ಬಸ್ಸು ಹತ್ತಿದರೆ ಪೇಟಿಯನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಊರೂರು ತಿರುಗಿ ಶರಣರ ಕಥೆ ಹೇಳುತ್ತ, ನಡುನಡುವೆ ಹಾಡುತ್ತ ಇದ್ದ ಪುರಾಣದ ಅಜ್ಜಾರು ಅವರು. ಕೇಳುವವರು ತೂಕಡಿಸಿದರೆ, "ನಿದ್ದಿ ಮಾಡೋರು ಮುಂದ ಬಂದು ಕುಂದರ್ರಿ. ಗೊರಕಿ ಶ್ರುತಿ ತಪ್ಪಿದ್ರ ನನಗ ತಿಳೀಬೇಕು" ಅನ್ನುತ್ತಿದ್ದರು. ನನ್ನ ನಾಲಿಗೆಗೆ ಕನ್ನಡದ ರುಚಿ ಹತ್ತಿದ್ದೇ ಅವರ ಬಾಯಿಂದ.

ಅಂಥವರನ್ನು ಇಟ್ಟುಕೊಂಡು ನಾವು ಮೂವರು ಗೆಳೆಯರು ಸಿನಿಮಾ ಮಾಡಹೊರಟೆವು. ಬಾಡಿಗೆಯ ಒಂದು ಕ್ಯಾಮೆರಾ, ಮನೆಯಿಂದ ಕಟ್ಟಿಕೊಂಡ ಬುತ್ತಿ, ಹಾಡುವ ಪುರಾಣಿಕನೊಬ್ಬನ ಕಥೆ, ಪಾತ್ರಕ್ಕೆ ಅವರೇ. ಹುನಗುಂದದ ಹತ್ತಿರದ ಹಳ್ಳಿಯಲ್ಲಿ ಅವರ ಶ್ರಾವಣದ ಪುರಾಣ ಒಂಬತ್ತನೆಯ ದಿನಕ್ಕೆ ಬಂದಿತ್ತು. ಮರುದಿನ ಕ್ಯಾಮೆರಾ ಬಾಗಲಕೋಟೆಗೆ ಮರಳಬೇಕು. ಚಿತ್ರಕ್ಕೆ ಕೊನೆಯೇ ಇಲ್ಲ. ಕೊನೆಗೆ ಬೇಕಾದದ್ದು ಮಂಗಲದ ಹಾಡು.

"ಕಥಿ ಅರ್ಧಾನೂ ಆಗಿಲ್ಲ, ಈಗ ಹೆಂಗ ಮಂಗಲ ಹಾಡ್ಲಿ? ಮಂಗಲ ಆತಂದ್ರ ಪುರಾಣ ಮುಗೀತು ತಮ್ಮಾ. ಪೇಟಿ ಮುಚ್ಚಿ ಊರು ಬಿಡಬೇಕು" ಎಂದರು.

"ಬರೇ ತಾಲೀಮ್ರಿ ಅಜ್ಜಾರ, ಕ್ಯಾಮೆರಾ ಬಂದ್ ಐತಿ" ಎಂದೆ. ಚಾಲೂ ಇದ್ದಾಗ ಉರಿಯುವ ಅದರ ಕೆಂಪು ದೀಪಕ್ಕೆ ಕಪ್ಪು ಪಟ್ಟಿ ಅಂಟಿಸಿದ್ದವನೂ ನಾನೇ. ತಾಲೀಮಿನ ಹಾಡು ಮಂಗಲದ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಅವರ ಅಡ್ಡಿಯಿರಲಿಲ್ಲ. ಕಣ್ಣು ಮುಚ್ಚಿ ಹಾಡಿದರು.

ಮೊದಲ ಪ್ರದರ್ಶನ ಇಳಕಲ್ಲಿನಲ್ಲಿ. ಹೊಸ ರುಮಾಲು ಸುತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕೊನೆಯ ಹಾಡಿಗೆ ಜನ ಚಪ್ಪಾಳೆ ತಟ್ಟಿದರು. ಅವರ ಕೈ ತೊಡೆಯ ಮೇಲಿಂದ ಏಳಲಿಲ್ಲ. ಹೊರಗೆ ಬಂದು, "ಚಲೋ ಬಂದೈತಿ ತಮ್ಮಾ" ಎಂದರು. ರುಮಾಲು ಸರಿಮಾಡಿಕೊಂಡು, "ಆ ಊರಿಗೆ ನಾ ಇನ್ನೊಂದು ಪುರಾಣ ಹೇಳಬೇಕಾತು" ಎಂದರು.

ಬೈದಿದ್ದರೆ ಹಗುರಾಗುತ್ತಿದ್ದೆ. ಮುಂದಿನ ಶ್ರಾವಣ ಬೇರೆ ಊರುಗಳ ಕರೆ ಬಿಟ್ಟು ಅದೇ ಹಳ್ಳಿಯಲ್ಲಿ ಮೊದಲ ದಿನದಿಂದ ಮತ್ತೆ ಪುರಾಣ ಹಚ್ಚಿದರು. ಯಾಕೆಂದು ಕೇಳಿದವರಿಗೆ, "ಹ್ವಾದ ವರ್ಷ ನಡುವ ನನ್ನಿಂದ ತಪ್ಪಾಗೇತ್ರಿಪಾ" ಎಂದರಂತೆ. ನನ್ನ ಹೆಸರೆತ್ತಲಿಲ್ಲ. ನನ್ನ ಮನೆಯಿಂದ ಬಸ್ಸಿಗೆ ಅರ್ಧ ತಾಸಿನ ದಾರಿ. ಆ ತಿಂಗಳು ಒಂದು ದಿನವೂ ನಾನು ಹೋಗಿ ಅವರೆದುರು ಕೂರಲಿಲ್ಲ.

ಈ ವರ್ಷ ಅವರು ತೀರಿಕೊಂಡರು. ದೇಹವನ್ನು ಪಡಸಾಲೆಯಲ್ಲಿ ಕೂರಿಸಿದ್ದರು, ಪಕ್ಕದಲ್ಲಿ ಮುಚ್ಚಿದ ಪೇಟಿ. ಮಗಳು ಬಂದು, "ಅಪ್ಪಾರ ಮಂಗಲ ನಿಮ್ಮ ಕಡೆ ಐತಂತಲ್ರಿ ಅಣ್ಣಾರ, ಒಮ್ಮೆ ಹಚ್ಚರಿ" ಎಂದಳು. ಮೊಬೈಲಿನಲ್ಲಿದ್ದದ್ದು ಸಂಕಲನದ ಕತ್ತರಿ ಕಾಣದ ತುಣುಕು. ಇಲ್ಲವೆಂದರೆ ಅದು ಇನ್ನೊಂದು ಸುಳ್ಳು. ಹಚ್ಚಿದೆ.

ಮೊದಲು ಅವರ ದನಿ ಬಂತು: "ತಮ್ಮಾ, ಕ್ಯಾಮೆರಾ ಖರೆ ಬಂದ್ ಐತಿ?"

ಆಮೇಲೆ ನನ್ನದು: "ಖರೇನ್ರಿ ಅಜ್ಜಾರ. ನಿಮ್ಮಾಣಿ."

ಪೇಟಿ ಉಸಿರೆಳೆದುಕೊಂಡಿತು. ಮಂಗಲಕ್ಕೆ ಎಲ್ಲರೂ ಎದ್ದು ಕೈಮುಗಿದರು. ಮಗಳೂ ಮುಗಿದಿದ್ದಳು, ಕಣ್ಣು ಮಾತ್ರ ನನ್ನ ಮೇಲಿತ್ತು.