ಎದುರುಮನೆ ಅಂಕಲ್ ಹಾಕಿಕೊಟ್ಟ ಲೆಕ್ಕ

ಮೊನ್ನೆ ಬೆಳಿಗ್ಗೆ ಈ ಚಳಿಗಾಲದಲ್ಲಿ ಮೊದಲ ಸಲ ಹೀಟಿಂಗ್ ಹಾಕಿದೆ. ಬೇಸಿಗೆಯಿಡೀ ರೇಡಿಯೇಟರುಗಳ ಮೇಲೆ ಕೂತಿದ್ದ ಧೂಳು ಕಾದು ಮನೆಯೆಲ್ಲ ಸುಟ್ಟ ವಾಸನೆ ಹಬ್ಬಿತು. ವರ್ಷಕ್ಕೊಮ್ಮೆ ಬರುವ ಈ ವಾಸನೆಗೆ ಹಿಮ ಬೀಳುವ ಈ ದೇಶದ ನಮ್ಮ ಥಾರ್ನ್‌ಹಿಲ್ಲಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಎದುರುಮನೆ ಅಂಕಲ್ ನೆನಪಾಗಿಬಿಟ್ಟರು...

ಅವರು ಧಾರವಾಡದ ಕಡೆಯವರು, ರಿಟೈರಾದ ಮೆಕ್ಯಾನಿಕಲ್ ಎಂಜಿನಿಯರ್. ನಾವು ಈ ಹಳೇ ಮನೆ ಕೊಂಡ ವರ್ಷವೇ ಬಾಯ್ಲರು ಕೈಕೊಟ್ಟಿತು. ಅದು ನೀರು ಕಾಯಿಸಿ ಕೋಣೆ ಕೋಣೆಯ ರೇಡಿಯೇಟರಿಗೂ ಕಳಿಸಿದರೇ ಮನೆ ಬೆಚ್ಚಗಾಗುವುದು. ಹಳೇದು ಎಷ್ಟಿತ್ತೋ ಅಷ್ಟರದ್ದೇ ತರ್ತೀನಿ ಅಂದೆ. "ಅದನ್ನ ಯಾರು ಅಳತಿ ಮಾಡಿ ಹಾಕಿದ್ರೋ ಏನೋ. ಮನಿ ಎಷ್ಟು ಬಿಸಿ ಕಳಕೋತದ ಅಂತ ಮೊದ್ಲ ನೋಡೂಣು ತಮ್ಮಾ" ಎಂದವರು ಟೇಪು ಹಿಡಿದು ಬಂದೇಬಿಟ್ಟರು. ಮೂರು ವೀಕೆಂಡು ಗೋಡೆ, ಕಿಟಕಿ ಎಲ್ಲ ಅಳೆದರು. ಬಾಗಿಲ ಸಂದಿಗೆ ಅಂಗೈ ಇಟ್ಟು ಗಾಳಿ ನುಗ್ಗುವುದನ್ನು ನೋಡಿದರು. ಬಾಯ್ಲರಿನ ಶಕ್ತಿಯನ್ನು ಬಿಟಿಯುಗಳಲ್ಲಿ ಅಳೆಯುತ್ತಾರೆ. ಎಪ್ಪತ್ತು ಸಾವಿರ ಬಿಟಿಯುದು ಸಾಕು ಎಂದು ಬರೆದುಕೊಟ್ಟರು.

ವುಡ್‌ಬ್ರಿಡ್ಜಿನಿಂದ ಬಂದ ಕಂಟ್ರಾಕ್ಟರ್ ಆ ಕಾಗದ ನೋಡಿ ನಕ್ಕು, ಇದರ ಎರಡರಷ್ಟು ಹಾಕಿಸಿ ಅಂದ. ಹೆಂಡತಿಗೆ ಆಗ ಏಳು ತಿಂಗಳು. ಮೈಸೂರಲ್ಲಿ ಬೆಳೆದ ನನಗೆ ಚಳಿ ಅಂದರೆ ಪ್ರಾಣಭಯ. ಊಟಕ್ಕೆ ನಾಲ್ಕು ಜನ ಬಂದರೆ ಎಂಟು ಜನಕ್ಕೆ ಅನ್ನಕ್ಕಿಡುವವರು ನಾವು. ಇರಲಿ ಎಂದು ದೊಡ್ಡದನ್ನೇ ಹಾಕಿಸಿದೆ. ಸಂಜೆ ಅಂಕಲ್ "ಕಡೀಗೆ ಎಷ್ಟರದು ಹಾಕಿಸ್ದಿ?" ಎಂದು ಕೇಳಿದರು. "ನೀವು ಹೇಳಿದ್ದೇ ಅಂಕಲ್" ಅಂದುಬಿಟ್ಟೆ. ಮೂರು ವಾರ ಮೈಮುರಿದು ದುಡಿದವರಿಗೆ ಇನ್ನೇನು ಹೇಳಲಿ?

ಆ ಚಳಿಗಾಲ ನನಗೆ ನೆಮ್ಮದಿಯೇ ಇರಲಿಲ್ಲ. ಬಾಯ್ಲರು ಅಗತ್ಯಕ್ಕಿಂತ ದೊಡ್ಡದಾದರೆ ಐದು ನಿಮಿಷ ಉರಿದು ನಿಲ್ಲುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ, ಮತ್ತೆ ನಿಲ್ಲುತ್ತದೆ. ಅಂಕಲ್ ಬಂದು ಕೂತರೆ ಸಾಕು, ಆ ಸದ್ದು ಕೇಳದಿರಲಿ ಎಂದು ನಾನು ಟಿವಿ ಜೋರು ಮಾಡುತ್ತಿದ್ದೆ. ಅವರು ಒಮ್ಮೆ ಬಾಯ್ಲರಿರುವ ಬೇಸ್‌ಮೆಂಟಿಗೆ ಇಳಿದು ನೋಡುತ್ತೇನೆ ಎಂದರೆ, ಬಟ್ಟೆ ಒಣಹಾಕಿದೆ, ಬಾಣಂತನಕ್ಕೆ ಬಂದ ಅತ್ತೆ ಅಲ್ಲಿ ಮಲಗಿದ್ದಾರೆ, ಹೀಗೆ ದಿನಕ್ಕೊಂದು ನೆಪ. "ಹೇಳ್ಬಿಡಿ ಅತ್ಲಾಗೆ. ಅವ್ರೇನು ನಿಮ್ಮನ್ನ ಗಲ್ಲಿಗೆ ಹಾಕ್ತಾರಾ?" ಎಂದು ಹೆಂಡತಿ ಬೈಯುತ್ತಿದ್ದಳು. ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತಿದ್ದೆ.

ಹೊರಗೆ ಮೈನಸ್ ಇಪ್ಪತ್ತೈದು ಇದ್ದ ಒಂದು ದಿನ ಬಂದ ಅಂಕಲ್ ನಮ್ಮ ಗೋಡೆಯ ಥರ್ಮೋಸ್ಟ್ಯಾಟ್ ಮುಂದೆ ನಿಂತೇ ಬಿಟ್ಟರು. "ನಾ ಇಂಥಾ ಥಂಡ್ಯಾಗ ಮನ್ಯಾಗ ಇಪ್ಪತ್ತೊಂದು ಡಿಗ್ರಿ ಇರಲಿ ಅಂತ ಲೆಕ್ಕ ಹಾಕಿದ್ದೆ. ಇದು ಇಪ್ಪತ್ನಾಕು ತೋರಸ್ತದಲ್ಲ. ಅಂದ್ರ ನಾ ಭಾಳ ಜಾಸ್ತಿ ಹಿಡದೀನಿ, ಇನ್ನೂ ಸಣ್ಣದ ಸಾಕಿತ್ತು." ಅವರ ಮುಖದಲ್ಲಿ ಎಂಥ ಖುಷಿ...

ಮುಂದಿನ ವರ್ಷ ಅವರ ಮನೆಯ ಬಾಯ್ಲರೂ ಬದಲಾಗಬೇಕಾಯಿತು. ಲೆಕ್ಕ ಹಾಕಿದರು. ಆದರೆ ನಮ್ಮ ಮನೆಯ ಇಪ್ಪತ್ನಾಲ್ಕನ್ನು ನಂಬಿ, ಆ ಲೆಕ್ಕಕ್ಕಿಂತ ಒಂದು ಸೈಜು ಚಿಕ್ಕದನ್ನೇ ಆರಿಸಿದರು. ಆರ್ಡರ್ ಕೊಡುವ ಮುಂಚೆ ನನ್ನನ್ನೂ ಕೇಳಿದರು. ಹೇಳುವುದಿದ್ದರೆ ಅವತ್ತೇ ಹೇಳಬೇಕಿತ್ತು. "ನೀವು ಹೇಳಿದ್ಮೇಲೆ ಸರಿಯಾಗೇ ಇರುತ್ತೆ ಅಂಕಲ್" ಅಂದೆ. ಇವತ್ತಿಗೂ ಅದು ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಜನವರಿಯಲ್ಲಿ ಅವರ ಮನೆ ಹದಿನಾರು ಡಿಗ್ರಿ ದಾಟಲಿಲ್ಲ. ಮಂಡಿನೋವಿನ ಆಂಟಿ ಎರಡು ಸ್ವೆಟರ್ ಹಾಕಿಕೊಂಡು ಮೇಲೆ ಶಾಲು ಹೊದ್ದು ಓಡಾಡುತ್ತಿದ್ದರು. ಅಂಕಲ್ ಊಟದ ಟೇಬಲ್ಲಿನ ಮೇಲೆ ಕಾಗದ ಹರಡಿಕೊಂಡು ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತಿದ್ದರು. "ಎಲ್ಲಿ ತಪ್ಪೀನಂತ ಸಿಗವಲ್ದು ತಮ್ಮಾ. ತಲಿ ಮೊದಲಿನಂಗ ಓಡವಲ್ದು." ನಾನು ನಮ್ಮ ಎಲೆಕ್ಟ್ರಿಕ್ ಹೀಟರ್ ಹೊತ್ತುಕೊಂಡು ಹೋಗಿ ಕೊಟ್ಟು ಬಂದೆ. ಎಂಥಾ ಉಪಕಾರ ನನ್ನದು. ಬಾಯಿ ಮಾತ್ರ ಬಿಡಲಿಲ್ಲ.

ಆಮೇಲೆ ಅವರು ಯಾರಿಗೂ ಲೆಕ್ಕ ಹಾಕಿಕೊಡಲಿಲ್ಲ. ಯಾರಾದರೂ ಫೋನು ಮಾಡಿದರೆ, ನನ್ನ ಕೇಳಬ್ಯಾಡ್ರಿ, ನನ್ನ ತಲಿ ಸರಿ ಇಲ್ಲ ಅನ್ನುತ್ತಿದ್ದರು. ಚಳಿ ಮುಗಿಯುತ್ತಲೇ ಮನೆ ಮಾರಿ ಮೆಡೋವೇಲಿನ ಮಗಳ ಮನೆಗೆ ಹೋದರು. ಹೇಳಿಯೇ ತೀರಬೇಕೆಂದು ಎರಡು ಸಲ ಅಲ್ಲಿಗೂ ಹೋಗಿದ್ದೆ. ಟ್ರಾಫಿಕ್ಕು, ಸ್ನೋ ಅಂತ ಏನೇನೋ ಮಾತಾಡಿ, ಚಹಾ ಕುಡಿದು ವಾಪಸು ಬಂದೆ. ಹೋದ ವರ್ಷ ಅವರು ತೀರಿಕೊಂಡರು...

ಮೊನ್ನೆ ಇನ್ನು ತಡೆಯಲಾಗದೆ ಆಂಟಿಗೆ ಫೋನು ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಂಕಲ್ ಲೆಕ್ಕ ಸರಿಯಾಗಿಯೇ ಇತ್ತು, ಸುಳ್ಳು ಹೇಳಿದವನು ನಾನು ಎಂದೆ. ಬೈಯಲಿ ಎಂದು ಕಾದೆ.

"ಕಡೀಕಡೀಗೆ ತಮ್ಮ ಗುಳಿಗಿ ಸೈತ ತಾವು ಎಣಸ್ತಿದ್ದಿಲ್ಲಪಾ ಅವರು. ನಾ ಎಣಿಸಿದ್ರ ತಪ್ಪತದ, ನೀನ ಎಣಿಸಿ ಕೊಡು ಅಂತಿದ್ರು" ಅಂದರು.

ಒಲೆ ಮೇಲೆ ಹಾಲಿದೆ ಎಂದು ಫೋನಿಟ್ಟರು. ಆಮೇಲೆ ಅವರೂ ಮಾಡಿಲ್ಲ, ನಾನೂ ಮಾಡಿಲ್ಲ.