ಒಂದೇ ಎತ್ತರದ ಉಬ್ಬುಗಳು

ಅತ್ತೆಯ ತೋಟದ ರಾಮಯ್ಯ ಮೇಸ್ತ್ರಿ ಆ ಕಾಫಿ ಗಿಡವನ್ನು ಸೀಳಿದ್ದು ನೆನಪಿದೆ. ಆದರೆ ಅದಕ್ಕೆ ಮೊದಲು ನನಗೆ ಏನೇನು ಗೊತ್ತಿತ್ತು ಎಂಬುದು ಈಗ ಖಾತ್ರಿಯಿಲ್ಲ. ಎಷ್ಟೋ ಸಭೆಗಳಲ್ಲಿ ಹೇಳಿದ ಕತೆ ಇದು. ಹೇಳಿ ಹೇಳಿ ನುಣುಪಾದದ್ದನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಆ ಪಾಠವನ್ನು ನನ್ನ ಕತೆಗೇ ಹಚ್ಚಿ ನೋಡಲು ಇಷ್ಟು ವರ್ಷ ಹಿಡಿಯಿತು.

ಕಳೆದ ಮಾರ್ಚಿನಲ್ಲಿ ಸಂಸೆಯ ಅತ್ತೆಯ ತೋಟಕ್ಕೆ ಹೋದಾಗ ಹಸಿ ಕಾಫಿ ಕಟ್ಟಿಗೆ ಸುಡುವ ವಾಸನೆ ಗೇಟಿನಲ್ಲೇ ಮೂಗಿಗೆ ಬಡಿಯಿತು. ಬೋರರ್ ಹಿಡಿದ ಗಿಡಗಳನ್ನು ಕಿತ್ತು ಬೆಂಕಿಗೆ ಹಾಕಿದ್ದರು. ಬೋರರ್ ಎಂದರೆ ಅರೇಬಿಕಾ ಗಿಡದ ಕಾಂಡವನ್ನು ಒಳಗಿಂದ ಕೊರೆಯುವ ಹುಳು. ಅದು ಕಣ್ಣಿಗೆ ಕಾಣುವುದಿಲ್ಲ. ಎಲೆ ಹಳದಿಯಾಗುತ್ತದೆ, ತೊಗಟೆಯ ಮೇಲೆ ಉಬ್ಬು ಏಳುತ್ತದೆ. ಅಷ್ಟನ್ನೇ ನೋಡಿ ಹುಳು ಒಳಗಿದೆ ಎಂದು ತೀರ್ಮಾನಿಸಬೇಕು. ತೀರ್ಮಾನ ತಪ್ಪಿದರೆ ಒಳ್ಳೆಯ ಗಿಡವೊಂದು ಹೋಯಿತು. ಅದಕ್ಕೇ ಅತ್ತೆಯ ತೋಟದಲ್ಲಿ ಒಂದು ಕ್ರಮವಿದೆ: ಗಿಡ ತೋರಿಸಿದವರ ಎದುರೇ ಅದನ್ನು ಸೀಳಬೇಕು.

ಆ ವಾಸನೆಗೆ ಹಳೆಯದೊಂದು ಮಾರ್ಚ್ ತಿಂಗಳು ಎದ್ದು ಬಂತು. ಆಗ ನಾನು ಸಂಶೋಧನಾ ವಿದ್ಯಾರ್ಥಿ. ಭೂಮಿಯೊಳಗಿನ ಸುರಂಗದಲ್ಲಿ ಪ್ರೋಟಾನುಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುವ ಯಂತ್ರವೊಂದು ದೂರದ ದೇಶದಲ್ಲಿದೆ. ಅದರ ದತ್ತಾಂಶದಲ್ಲಿ ನಮ್ಮ ಗುಂಪು ಕಪ್ಪು ದ್ರವ್ಯದ ಕಣ ಹುಡುಕುತ್ತಿತ್ತು. ಗೆಲಾಕ್ಸಿಗಳನ್ನು ಹಿಡಿದಿಟ್ಟಿರುವ, ಬೆಳಕು ಚೆಲ್ಲದ ದ್ರವ್ಯ ಅದು. ಕಣ ಹುಟ್ಟಿದರೂ ಉಪಕರಣಕ್ಕೆ ಸಿಕ್ಕದೆ ಹೊರಟುಹೋಗುತ್ತದೆ. ಆದರೆ ಡಿಕ್ಕಿಯಾದ ಮೇಲೆ ಒಂದು ಪಕ್ಕಕ್ಕೆ ಚಿಮ್ಮಿದ್ದಕ್ಕೆ ಸಮನಾಗಿ ಇನ್ನೊಂದು ಪಕ್ಕಕ್ಕೂ ಚಿಮ್ಮಲೇಬೇಕು. ಆ ಕಡೆ ಏನೂ ಕಾಣದಿದ್ದರೆ, ಕಾಣದ್ದೇನೋ ಹೋಗಿದೆ ಎಂದರ್ಥ. ಅಂಥ ಡಿಕ್ಕಿಗಳು ನನ್ನ ನಕ್ಷೆಯಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ಇದ್ದವು. ಸಿಕ್ಕೇಬಿಟ್ಟಿತು ಅನ್ನಿಸಿತ್ತು. ಶುಕ್ರವಾರ ಇಡೀ ತಂಡದ ಮುಂದೆ ನಾನು ಮಾತಾಡಬೇಕಿತ್ತು. ತಯಾರಿಗೆಂದು ಲ್ಯಾಪ್‌ಟಾಪ್ ಕಟ್ಟಿಕೊಂಡು ಅತ್ತೆಯ ಮನೆಗೆ ಬಂದಿದ್ದೆ. ಕಾಫಿ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು.

ಆ ಹುಮ್ಮಸ್ಸಿನಲ್ಲೇ ಒಂದು ಬೆಳಿಗ್ಗೆ ಮೇಸ್ತ್ರಿಯ ಹಿಂದೆ ತೋಟಕ್ಕಿಳಿದೆ. ಎಳೆ ಗಿಡಗಳ ಸಾಲಿನಲ್ಲಿ ಹಳದಿ ಎಲೆ, ಕಾಂಡದ ಮೇಲೆ ಉಬ್ಬು ಕಂಡು ನಿಂತೆ.

"ರಾಮಯ್ಯ, ಇದರಲ್ಲಿದೆ ಹುಳ."

ಅವರು ಬಗ್ಗಿ ನೋಡಿದರು. "ನಂಗ್ಯಾಕೋ ಹಂಗೆ ಕಾಣದಿಲ್ಲ ಅಯ್ಯ."

"ಎಲ್ಲಾ ಲಕ್ಷಣ ಇದೆಯಲ್ಲ, ಕೀಳಿ."

"ನೀವು ಓದಿದೋರು" ಎಂದು ಕಿತ್ತರು. ಕತ್ತಿಯಲ್ಲಿ ಉದ್ದಕ್ಕೆ ಸೀಳಿದರು. ಒಳಗೆ ಬಿಳಿಯ, ಹಸಿಯಾದ, ಗಟ್ಟಿ ಮರ. ಒಂದು ಸೂಜಿಮೊನೆಯ ತೂತೂ ಇರಲಿಲ್ಲ. ಅವರು ಬೈಯಲಿಲ್ಲ. ಪಕ್ಕದ ಗಿಡ, ಅದರಾಚೆಯದು, ಅದರಾಚೆಯದು, ಹೀಗೆ ಬೆರಳಿಟ್ಟು ತೋರಿಸುತ್ತ ಹೋದರು. ಎಲ್ಲಕ್ಕೂ ಮೊಣಕಾಲಿನ ಮಟ್ಟದಲ್ಲೇ ಉಬ್ಬು.

"ಹುಳ ಅಳತೆ ಹಿಡ್ಕಂಡು ಕೊರೀತದಾ ಅಯ್ಯ? ಇದು ಗಾಳಿಗೆ ಬೀಳ್ಬಾರ್ದು ಅಂತ ಕೋಲಿಗೆ ಕಟ್ಟಿದ್ದ ಹಗ್ಗದ ಗುರ್ತು. ಬಿಚ್ಚೋದು ತಡ ಮಾಡಿದ್ವಿ, ತೊಗಟೆ ಕಚ್ಕಂಡದೆ. ಒಂದೇ ಗಿಡ ನೋಡಿದ್ರೆ ಗೊತ್ತಾಗದಿಲ್ಲ, ಸಾಲು ನೋಡ್ಬೇಕು."

ಅಂಗಳದ ಆ ಮೂಲೆಗೆ ಓಡಿ ಬಂದು ನನ್ನ ಡಿಕ್ಕಿಗಳನ್ನು ಸಾಲಾಗಿ ನೋಡಿದೆ. ಕಾಣದ ಕಣಗಳೇ ಆಗಿದ್ದರೆ ಅವು ಸುತ್ತಲೂ ಎಲ್ಲ ದಿಕ್ಕಿಗೂ ಹೋಗಬೇಕಿತ್ತು. ನನ್ನವೆಲ್ಲ ಒಂದೇ ದಿಕ್ಕಿಗೆ ಹೋಗಿದ್ದವು. ಆ ದಿಕ್ಕಿನಲ್ಲಿ ಉಪಕರಣದ ಒಂದು ತುಂಡು ಕೆಲಸ ನಿಲ್ಲಿಸಿತ್ತು, ಅಷ್ಟೇ. ಮಾತು ರದ್ದು ಮಾಡಿದೆ. ಇವತ್ತಿನವರೆಗೂ ಆ ಕಣ ಯಾವ ಯಂತ್ರಕ್ಕೂ ಸಿಕ್ಕಿಲ್ಲ.

ನಾನು ಸಭೆಗಳಲ್ಲಿ ಹೇಳುತ್ತಿದ್ದುದು ಇಲ್ಲಿಗೆ ಮುಗಿಯುತ್ತಿತ್ತು. ಮೇಸ್ತ್ರಿ ಕಣ್ಣು ತೆರೆಸಿದರು, ನಾನು ನನ್ನ ತಪ್ಪನ್ನು ನಾನೇ ಹಿಡಿದೆ. ಜನ ಚಪ್ಪಾಳೆ ತಟ್ಟುತ್ತಾರೆ. ವಿನಯವಂತ ಎಂಬ ಹೆಸರು ಇದರಷ್ಟು ಸುಲಭವಾಗಿ ನನಗೆ ಇನ್ಯಾವುದರಿಂದಲೂ ಬಂದಿಲ್ಲ.

ಈ ಸಲ ಅತ್ತೆಯ ಎದುರು ಕೂತು ಅದನ್ನೇ ಹೇಳಿದೆ. ಮುಂದಿನ ವಾರ ಮೂಡಿಗೆರೆಯ ಕಾಲೇಜಿನಲ್ಲಿ ಹೇಳುವುದಿತ್ತು. ಮೇಸ್ತ್ರಿ ತೀರಿಕೊಂಡು ಮೂರು ವರ್ಷವಾಗಿತ್ತು. ಅತ್ತೆ ತಟ್ಟೆಗೆ ಅವಲಕ್ಕಿ ಹಾಕುತ್ತಿದ್ದವರು ಕೈ ತಡೆದರು.

"ನೀನೇ ಹಿಡಿದಿದ್ದಾ? ಅದಕ್ಕೂ ಮುಂಚೆನೇ ಯಾವಳೋ ಹುಡುಗಿ ಏನೋ ಕೇಳಿದ್ಲು ಅಂತ ಊಟ ಬಿಟ್ಟು ಕೂತಿದ್ಯಲ್ಲ ಮಾರಾಯ. ನಿನ್ನೆ ಮೊನ್ನೆ ಸೇರಿದೋಳು ನಂಗೆ ಪಾಠ ಹೇಳ್ತಾಳೆ ಅಂತ."

"ಅದು ಬೇರೆ ಯಾವಾಗ್ಲೋ ಇರಬೇಕು ಅತ್ತೆ."

"ಬೇರೆ ಯಾವಾಗ್ಲೂ ನೀನು ನನ್ನ ಕಡುಬು ಬಿಟ್ಟಿಲ್ಲ."

ನಕ್ಕೆ. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಮ್ಮ ಗುಂಪಿಗೆ ಆ ವರ್ಷ ಸೇರಿದವಳು ಶಾಂತಲಾ. ಒಂದೂವರೆ ವರ್ಷದಲ್ಲಿ ಬಿಟ್ಟುಹೋದಳು. ತನ್ನ ಮಾತಿಗೆ ಅಲ್ಲಿ ಬೆಲೆಯಿಲ್ಲ ಅನ್ನುತ್ತಿದ್ದಳು ಎಂದು ಯಾರೋ ಹೇಳಿದ್ದರು. ಯಾರ ಬಗ್ಗೆ ಅಂದಳೋ ಎಂದು ನಾನು ಯೋಚಿಸಿದವನೇ ಅಲ್ಲ. ಅವಳು ಆ ಪ್ರಶ್ನೆ ಕೇಳಿದ್ದು ನನಗೆ ಈಗಲೂ ನೆನಪಿಲ್ಲ. ಅತ್ತೆ ಹೇಳಿದ ಮೇಲೆ ನೆನಪಾದಂತೆ ಅನ್ನಿಸುತ್ತದೆ, ಆ ಅನ್ನಿಸಿಕೆಯನ್ನೂ ನಂಬಲಾರೆ.

ಬೆಂಗಳೂರಿಗೆ ಮರಳಿ ಹಳೆಯ ಇಮೇಲುಗಳನ್ನು ತೆಗೆದೆ. ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂಡಿಗೆರೆಯಲ್ಲಿ ಏನು ಹೇಳಬೇಕೆಂಬುದು ಅಲ್ಲಿಗೆ ತೀರ್ಮಾನವಾಯಿತು. ಹೇಳಿಯೂ ಬಂದೆ, ಅವಳ ಹೆಸರು ಹಿಡಿದು. ಅವಳಿಗೂ ಬರೆದಿದ್ದೇನೆ. ಉತ್ತರ ಬಂದಿಲ್ಲ, ಬರಬೇಕೆಂದೂ ಇಲ್ಲ.

ಆ ಹಳೆಯ ಇಮೇಲುಗಳಲ್ಲಿ, ನಾನು ತಂಡದ ಮುಂದೆ ಮಾತಾಡಬೇಕಿದ್ದ ವಾರದ ಸೋಮವಾರ ಅವಳು ಬರೆದಿದ್ದಳು: "ಇವೆಲ್ಲ ಯಾವ ದಿಕ್ಕಿಗೆ ಹೋಗಿವೆ, ಒಮ್ಮೆ ನೋಡಿದ್ದೀರಾ?" ನನ್ನ ಉತ್ತರ ಗುರುವಾರ ಮಧ್ಯಾಹ್ನದ್ದು: "ಇವತ್ತು ಬೆಳಿಗ್ಗೆ ತೋಟದಲ್ಲಿ ಒಂದು ಒಳ್ಳೆಯ ಗಿಡ ಕೀಳಿಸಿದೆ. ಬಂದು ದಿಕ್ಕು ನೋಡಿದೆ. ನೀನು ಹೇಳಿದ್ದು ಸರಿ."